ಶೆಡ್ಡಿನೊಳಗಿನ ಸಾರ್ವಜನಿಕ ರಸ್ತೆ

ಅಜ್ಜಂಪುರದ ಹಳೇ ಮಂಡಿ ಓಣಿಯ ತಗಡಿನ ಶೆಡ್ಡೊಂದರಲ್ಲಿ, ಹಗಲು ಹೊತ್ತಿನಲ್ಲೇ, ವ್ಯಾನಿನ ಹಳೇ ಸೀಟೊಂದು ಎಡಕ್ಕೆ ವಾಲಿ, ಬಲಕ್ಕೆ ವಾಲಿ, ತನ್ನ ಮೇಲೆ ಕುಳಿತಿದ್ದ ಜುಲ್ಫಿಕರ್ ಎಂಬಾತನನ್ನು ನೀರಿನ ಡ್ರಮ್ಮಿನೊಳಕ್ಕೆ ಹಾಕಿತು. ಇದು ನಡೆದ ಸಂಗತಿ. ಇದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಜುಲ್ಫಿಕರ್‌ಗೂ ಇಲ್ಲ.

“ಬ್ರೇಕ್ ಒತ್ತಿದ್ರೆ ಮುಂದಕ್ಕೆ ಬಾಗ್ಬೇಕಲ್ವೇನೇ? ಹಿಂದಕ್ಕೆ ಎಸೆದ್ಬಿಡ್ತು!” ಎಂದು ಅವನು ಡ್ರಮ್ಮಿನೊಳಗಿಂದಲೇ ಕೂಗಿದ.

“ವೈರ್ ಉಲ್ಟಾ ಕೊಟ್ಟಿದೀಯಾ ಭಾಯ್,” ಎಂದಳು ಅವನ ತಂಗಿ ತರನ್ನುಮ್, ಬಹಳ ಸಂತೋಷದಿಂದ. “ಆದ್ರೆ ಎಸೀತಲ್ಲ! ಎಷ್ಟ್ ಜೋರಾಗಿ ಎಸೀತು ನೋಡು!”

ತರನ್ನುಮ್ ಊರಿನ ಕಂಪ್ಯೂಟರ್ ಸೆಂಟರಿನಲ್ಲಿ ಟೈಪಿಂಗ್ ಕಲಿಸುತ್ತಿದ್ದಳು. ಉಳಿದ ಹೊತ್ತಿನಲ್ಲಿ ಕಂಪ್ಯೂಟರಿನೊಳಗೆ ರೇಸ್ ಕಾರು ಓಡಿಸುತ್ತಿದ್ದಳು. ಆನ್‌ಲೈನ್ ರೇಸಿನ ಅಖಿಲ ಭಾರತ ಸ್ಪರ್ಧೆಯಲ್ಲಿ ಅಂತಿಮ ಸುತ್ತಿಗೆ ಬಂದಿದ್ದಳು. ಆದರೆ ಟೇಬಲ್ಲಿಗೆ ಸ್ಟೇರಿಂಗ್ ಬಿಗಿದುಕೊಂಡು ಕುಳಿತರೆ ಕಾರು ಜಾರುವುದು ಕಣ್ಣಿಗೆ ಕಾಣುತ್ತಿತ್ತೇ ಹೊರತು ಮೈಗೆ ತಿಳಿಯುತ್ತಿರಲಿಲ್ಲ. ಮೈಗೆ ತಿಳಿಸುವ ಯಂತ್ರವನ್ನು ಅಂಗಡಿಯಿಂದ ತರುವ ಮಾತು ಆ ಮನೆಯಲ್ಲಿ ಏಳುವಂತಿರಲಿಲ್ಲ. ಆದ್ದರಿಂದ ಟ್ರ್ಯಾಕ್ಟರ್ ವೈರಿಂಗ್ ಮಾಡುವ ಅಣ್ಣನನ್ನು ಹಿಡಿದಳು. ತರೀಕೆರೆಯ ಗುಜರಿಯಿಂದ ಲಾರಿಗಳ ವೈಪರ್ ಮೋಟಾರುಗಳು ಬಂದವು. ಗಾಜಿನ ಮೇಲಿನ ನೀರು ಒರೆಸಿಕೊಂಡು ಮರ್ಯಾದೆಯಾಗಿ ನಿವೃತ್ತಿ ಹೊಂದಿದ್ದ ಆ ಮೋಟಾರುಗಳು, ಈಗ ಎದುರಿಗಿಟ್ಟ ಟಿವಿಯ ತೆರೆಯ ಮೇಲೆ ಕಾರು ತಿರುಗಿದಂತೆಲ್ಲ ಸೀಟನ್ನು ಎತ್ತಿ ಇಳಿಸುವ ಕೆಲಸಕ್ಕೆ ಮತ್ತೆ ಸೇರಿದವು.

“ಕೂತಲ್ಲೇ ಕುಲುಕಾಡೋಕೆ ಇಷ್ಟೆಲ್ಲ ಯಾಕೆ?” ಎಂದರು ತಾಯಿ ಸರ್ವರ್ ಬೇಗಂ. “ಯಾವ್ದಾದ್ರೂ ಬಸ್ಸಿನ ಹಿಂದಿನ ಸೀಟಲ್ಲಿ ಕೂತಿದ್ರೆ ಆಗ್ತಿತ್ತಲ್ಲ.”

ವೈರ್ ಸರಿಹೋಯಿತು. ತರನ್ನುಮ್ ಕುಳಿತಳು. ಮೊದಲ ತಿರುವಿನಲ್ಲಿ ಸೀಟು ವಾಲಿ ಬೆನ್ನಿಗೆ ಕಾರಿನ ಜಾರು ತಾಗಿದಾಗ ಅವಳು ಹಾಕಿದ ಕೇಕೆ ರೈಲ್ವೆ ಸ್ಟೇಷನ್ನಿನವರೆಗೂ ಕೇಳಿಸಿತು. ದಾರಿಯಲ್ಲಿ ಅದು ಸುಗಮ ಸಂಚಾರ ಖಾತ್ರಿ ಉಪಕಚೇರಿಗೂ ಕೇಳಿಸಿತು. ಅಲ್ಲಿನ ಸಹಾಯಕ ಅಭಿಯಂತರರಾದ ಶಿವಮೂರ್ತಪ್ಪನವರು ಸ್ಥಳ ಪರಿಶೀಲನೆಗೆ ಆಗಮಿಸಿದರು.

“ಇದಕ್ಕೆ ಸ್ಟೇರಿಂಗ್ ಇದೆ?”

“ಇದೆ ಸಾರ್.”

“ಬ್ರೇಕು?”

“ಅದೂ ಇದೆ.”

“ಹಾಗಾದ್ರೆ ವಾಹನ. ನೋಂದಣಿ ಎಲ್ಲಮ್ಮ?”

“ಚಕ್ರನೇ ಇಲ್ಲ ಸಾರ್. ಇದು ಎಲ್ಲೂ ಹೋಗಲ್ಲ.”

“ನಮ್ಮ ಆಫೀಸ್ ಜೀಪೂ ಎಲ್ಲೂ ಹೋಗಲ್ಲಮ್ಮ. ಹಂಗಂತ ಅದು ವಾಹನ ಅಲ್ವಾ?”

ಶಿವಮೂರ್ತಪ್ಪನವರು ಚಪ್ಪಲಿ ಬಿಟ್ಟು, ಯಂತ್ರವನ್ನು ಜಪ್ತಿ ಮಾಡುವ ಮೊದಲು ಪರೀಕ್ಷಾರ್ಥವಾಗಿ ಸೀಟಿನಲ್ಲಿ ಕುಳಿತರು. ತೆರೆಯ ಮೇಲೆ ರಸ್ತೆ ತೆರೆದುಕೊಂಡಿತು. ಅವರು ಮೆಲ್ಲಗೆ ಹೊರಟರು. ತಮ್ಮ ಸೇವಾವಧಿಯಲ್ಲಿ ಮೊದಲ ಬಾರಿಗೆ ಅವರು ಗುಂಡಿಯಿಲ್ಲದ ರಸ್ತೆಯ ಮೇಲೆ ಹೋಗುತ್ತಿದ್ದರು. ಕಣ್ಣುಗಳು ಒದ್ದೆಯಾಗಿದ್ದವು.

“ಇದು ಯಾವ ತಾಲ್ಲೂಕಮ್ಮ?”

“ಇಟಲಿ ಸಾರ್.”

“ಕಂಟ್ರಾಕ್ಟರ್ ಯಾರು?”

ಜಪ್ತಿ ರದ್ದಾಯಿತು. ಬದಲಿಗೆ ಆದೇಶವೊಂದು ಹೊರಟಿತು. ರಸ್ತೆಗಳನ್ನು ಪರಿಶೀಲಿಸಲು ಅಧಿಕಾರಿಗಳು ರಸ್ತೆಗೆ ಹೋಗಬೇಕಾಗಿರುವುದು ಆಡಳಿತದ ಬಹುಕಾಲದ ತೊಡಕು. ಇನ್ನು ಮುಂದೆ ರಸ್ತೆಯೇ ಅಧಿಕಾರಿಗಳ ಬಳಿ ಬರತಕ್ಕದ್ದು. ಮೊದಲಿಗೆ ಮಂಡಿ ಹಿಂದಿನ ರಸ್ತೆಯನ್ನು ತರನ್ನುಮ್ ಯಂತ್ರದೊಳಕ್ಕೆ ತರಬೇಕು; ತಪ್ಪಿದರೆ ಜಪ್ತಿ ಮತ್ತೆ ಜಾರಿಗೆ ಬರುವುದು.

ಅಂತಿಮ ಸುತ್ತು ಹತ್ತಿರವಾಗುತ್ತಿತ್ತು. ತರನ್ನುಮ್ ತುಟಿ ಕಚ್ಚಿಕೊಂಡು ಜುಲ್ಫಿಕರ್‌ನ ಬೈಕಿನ ಹ್ಯಾಂಡಲ್ಲಿಗೆ ಮೊಬೈಲ್ ಕಟ್ಟಿ, ಮಂಡಿ ಹಿಂದಿನ ರಸ್ತೆಯ ಚಿತ್ರವನ್ನೂ ಕುಲುಕನ್ನೂ ಹಿಡಿದು ತಂದಳು. ಒಂದು ಗುಂಡಿಯನ್ನೂ ಬಿಡಲಿಲ್ಲ. ಶಿವಮೂರ್ತಪ್ಪನವರು ಆ ರಸ್ತೆಯನ್ನು ಕುಳಿತಲ್ಲೇ ಪರಿಶೀಲಿಸಿದರು. ಮೊದಲು ಕನ್ನಡಕ ಹೋಯಿತು, ಆಮೇಲೆ ಪೆನ್ನು, ಕೊನೆಗೆ ಮೇಲಿನ ಹಲ್ಲಿನ ಸೆಟ್ಟು ಹಾರಿ ಸರ್ವರ್ ಬೇಗಂ ಅವರ ಹಿಟ್ಟಿನ ಡಬ್ಬಿಯ ಹತ್ತಿರ ಬಿತ್ತು. ರಸ್ತೆಯು ದುರಸ್ತಿಗೆ ಯೋಗ್ಯವಾಗಿದೆ ಎಂದು ಅವರು ಹಲ್ಲಿಲ್ಲದೆಯೇ ಘೋಷಿಸಿದರು.

ಈ ಹಂತದಲ್ಲಿ ಕಡೂರಿನಲ್ಲಿದ್ದ ಮೇಲಧಿಕಾರಿಗಳು ನಿಯಮವೊಂದನ್ನು ನೆನಪಿಸಿದರು: ಪರಿಶೀಲಿಸಿದ ರಸ್ತೆಯನ್ನೇ ದುರಸ್ತಿ ಮಾಡತಕ್ಕದ್ದು, ಬೇರೆಯದನ್ನಲ್ಲ. ಪರಿಶೀಲಿಸಿದ್ದು ಶೆಡ್ಡಿನೊಳಗಿನ ರಸ್ತೆಯನ್ನು. ಗುತ್ತಿಗೆ ಹಿಡಿದ ಕರಿಯಣ್ಣನವರು ಜಲ್ಲಿ, ಟಾರಿನ ಡ್ರಮ್ಮು, ರೋಲರ್ ಸಮೇತ ಶೆಡ್ಡಿನ ಮುಂದೆ ಬಂದು ನಿಂತರು.

“ಟಾರ್ ಎಲ್ಲಿಗ್ ಸುರೀಲವ್ವಾ?” ಎಂದರು, ಟಿವಿಯ ಹಿಂಬದಿಯನ್ನು ಬಗ್ಗಿ ನೋಡುತ್ತಾ.

“ಅಯ್ಯೋ, ದಮ್ಮಯ್ಯ, ಏನೂ ಸುರೀಬೇಡಿ!” ಎಂದು ತರನ್ನುಮ್ ಕೀಬೋರ್ಡಿಗೆ ಅಡ್ಡ ನಿಂತಳು. ಆಮೇಲೆ ಕುಳಿತು, ಮೌಸಿನಿಂದ ಗುಂಡಿಗಳನ್ನು ಒಂದೊಂದಾಗಿ ಅಳಿಸಿದಳು. ಕರಿಯಣ್ಣನವರು ಫೋಟೋಗಾಗಿ ಮೌಸಿನ ಮೇಲೆ ಕೈಯಿಟ್ಟರು. ಜಲ್ಲಿಯೂ ಟಾರೂ ಬಂದ ದಾರಿಯಲ್ಲೇ ಹಿಂದಿರುಗಿದವು. ಅದೇ ತಿಂಗಳು ಕರಿಯಣ್ಣನವರ ಮನೆಯಂಗಳಕ್ಕೆ ಒಳ್ಳೆಯ ಟಾರು ಬಿತ್ತು. ಇವೆರಡಕ್ಕೂ ಸಂಬಂಧವಿಲ್ಲವೆಂದು ಉಪಕಚೇರಿ, ಯಾರೂ ಕೇಳದಿದ್ದರೂ, ಸ್ಪಷ್ಟಪಡಿಸಿದೆ.

ಉದ್ಘಾಟನೆಗೆಂದು ಟಿವಿಗೆ ಟೇಪು ಕಟ್ಟಿ ಕತ್ತರಿಸಲಾಯಿತು. ಆಟೋದಲ್ಲಿ ಮೈಕು ಸುತ್ತಿತು:

“ಸಾರ್ವಜನಿಕರ ಗಮನಕ್ಕೆ! ಮಂಡಿ ಹಿಂದಿನ ರಸ್ತೆ ಸಂಪೂರ್ಣ ದುರಸ್ತಿಯಾಗಿದ್ದು, ಜುಲ್ಫಿಕರ್ ಅವರ ಶೆಡ್ಡಿನಲ್ಲಿ ಬಳಕೆಗೆ ಲಭ್ಯವಿದೆ. ಹೊರಗಡೆ ಅದೇ ಹೆಸರಿನಲ್ಲಿ ಕಂಡುಬರುವ ರಸ್ತೆಯು ಹಳೆಯ ಪ್ರತಿಯಾಗಿದ್ದು, ಅದರಲ್ಲಿ ಬಿದ್ದವರಿಗೆ ಕಚೇರಿ ಜವಾಬ್ದಾರಿಯಲ್ಲ!”

ಜನ ಸಾಲುಗಟ್ಟಿದರು. ಮೊಸರು ಮಾರುವ ಹನುಮಂತಮ್ಮ ಮಡಿಲಲ್ಲಿ ಗಡಿಗೆ ಇಟ್ಟುಕೊಂಡು ಸೀಟಿನಲ್ಲಿ ಕುಳಿತು, ತೆರೆಯ ಮೇಲೆ ಬಸ್ ಸ್ಟ್ಯಾಂಡ್ ಬರುವವರೆಗೂ ಹೋದಳು. “ಒಂದ್ ತೊಟ್ಟೂ ತುಳುಕ್ಲಿಲ್ಲ ಕಣವ್ವ! ಏನ್ ರೋಡು!” ಎಂದು ತರನ್ನುಮ್‌ಳ ಕೆನ್ನೆ ಸವರಿದಳು. ಆಮೇಲೆ ಇಳಿದು, ಗಡಿಗೆ ಹೊತ್ತು, ಹಳೆಯ ಪ್ರತಿಯ ಮೇಲೆ ಬಸ್ ಸ್ಟ್ಯಾಂಡಿಗೆ ನಡೆದಳು. ಮುಟ್ಟುವಷ್ಟರಲ್ಲಿ ಮೊಸರು ಮಜ್ಜಿಗೆಯಾಗಿತ್ತು. ಮಜ್ಜಿಗೆಯೆಂದೇ ಮಾರಿದಳು.

ಇದೆಲ್ಲದರ ನಡುವೆ ಸ್ಪರ್ಧೆಯ ದಿನ ಬಂದೇಬಿಟ್ಟಿತು. ಸಾಲು ಕರಗಲಿಲ್ಲ. ತರನ್ನುಮ್‌ಗೆ ತನ್ನ ಯಂತ್ರದ ಮೇಲೆ ಅಭ್ಯಾಸವಿರಲಿ, ಕೂರಲೂ ಜಾಗ ಸಿಕ್ಕಿರಲಿಲ್ಲ.

“ಸಾರ್, ಇವತ್ತು ನನ್ನ ರೇಸು!” ಅವಳು ಸಾಲಿಗೆ ಅಡ್ಡ ನಿಂತಳು. “ಮೆಷಿನ್ ನಂದು ಸಾರ್!”

“ಮೆಷಿನ್ ನಿಮ್ದೇ ಕಣಮ್ಮ, ಯಾರು ಅಲ್ಲ ಅಂದ್ರು? ರಸ್ತೆ ಸರ್ಕಾರದ್ದು. ಸಾರ್ವಜನಿಕ ರಸ್ತೇಲಿ ರೇಸ್ ಮಾಡಂಗಿಲ್ಲ.”

ಬಾಗಿಲಲ್ಲಿ ನಿಂತಿದ್ದ ಸರ್ವರ್ ಬೇಗಂ ಸೆರಗು ಸರಿಮಾಡಿಕೊಂಡರು. “ರಿಪೇರಿ ಅಂತ ರಸ್ತೆ ಬಂದ್ ಮಾಡಿ ಸಾಹೇಬ್ರೆ. ಅದು ನಿಮಗೆ ರೂಢಿ ಇದ್ದೇ ಇದೆಯಲ್ಲ.”

ಶಿವಮೂರ್ತಪ್ಪನವರ ಮುಖ ಅರಳಿತು. ಶೆಡ್ಡಿನ ಬಾಗಿಲಿಗೆ ‘ಕಾಮಗಾರಿ ಪ್ರಗತಿಯಲ್ಲಿದೆ, ಬದಲಿ ಮಾರ್ಗ ಬಳಸಿ’ ಎಂಬ ಹಲಗೆ ಬಿತ್ತು. ಬಾಣದ ಗುರುತು ಹೊರಗಿನ ರಸ್ತೆಯನ್ನು ತೋರಿಸುತ್ತಿತ್ತು. ಜನ ಗೊಣಗದೆ ಅತ್ತ ನಡೆದು, ಹಾಗೇ ಒಂದು ಸುತ್ತು ಹಾಕಿ, ರೇಸು ನೋಡಲು ಶೆಡ್ಡಿನ ಕಿಟಕಿಗೆ ಬಂದು ಜೋತುಬಿದ್ದರು.

ಸ್ಪರ್ಧಿಗಳು ತಾವೇ ತಯಾರಿಸಿ ಕಳಿಸಿದ ರಸ್ತೆಗಳಲ್ಲಿ ಒಂದನ್ನು ಚೀಟಿ ಎತ್ತಿ ಆರಿಸುವುದು ಆ ಸ್ಪರ್ಧೆಯ ಪದ್ಧತಿ. ತರನ್ನುಮ್‌ ಬಳಿ ಇದ್ದದ್ದು ಒಂದೇ ರಸ್ತೆ. ದುರಸ್ತಿಗೆ ಮುಂಚಿನ ರೂಪದಲ್ಲೇ ಅದನ್ನು ಕಳಿಸಿದ್ದಳು. ಚೀಟಿಯಲ್ಲಿ ಅದೇ ಬಂತು.

ಹಸಿರು ದೀಪ ಹತ್ತಿತು. ಪುಣೆಯ ಸ್ಪರ್ಧಿಯ ವಿದೇಶಿ ಯಂತ್ರ ಮೊದಲ ಗುಂಡಿಯಲ್ಲೇ ಅವನನ್ನು ಕೆಳಗಿಳಿಸಿತು. ಹೈದರಾಬಾದಿನವನು ಎರಡನೆಯದಕ್ಕೆ ಅಮ್ಮನನ್ನು ಕರೆದದ್ದು ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ಉಳಿದವರು ಗುಂಡಿಗಳನ್ನು ತಪ್ಪಿಸಲು ಹೋಗಿ ಚರಂಡಿ ಕಂಡರು. ತರನ್ನುಮ್ ಮಾತ್ರ ದಿನಾ ಕೆಲಸಕ್ಕೆ ಸ್ಕೂಟಿಯಲ್ಲಿ ಹೋಗುವಂತೆಯೇ ಕಂಬದ ಎಡಕ್ಕೆ, ಎಮ್ಮೆಯ ಬಲಕ್ಕೆ, ಒಂದು ಚಕ್ರ ಅಂಚಿನ ಮೇಲೆ, ಒಂದು ಚಕ್ರ ದೇವರ ಮೇಲೆ ಬಿಟ್ಟು ನುಗ್ಗಿದಳು. ವೈಪರ್ ಮೋಟಾರುಗಳು ಕಿರುಚಿದವು. ಸೀಟು ನೆಲ ಬಿಟ್ಟು ಏಳದಂತೆ ಜುಲ್ಫಿಕರ್ ಚೌಕಟ್ಟಿನ ಒಂದು ಕಾಲು ತಬ್ಬಿದ, ಕರಿಯಣ್ಣ ಇನ್ನೊಂದನ್ನು ತಬ್ಬಿದರು.

“ಎಡಕ್ ಎಳ್ಕೊಳೇ, ಎಡಕ್ಕೆ!” ಎಂದು ಶಿವಮೂರ್ತಪ್ಪನವರು ಪದವಿ ಮರೆತು ಕುಣಿಯುತ್ತಿದ್ದರು.

ಅವಳು ಗೆದ್ದಳು. ಗೆದ್ದಳು ಅನ್ನುವುದಕ್ಕಿಂತ, ಗುರಿ ಮುಟ್ಟಿದವಳು ಅವಳೊಬ್ಬಳೇ. ಶೆಡ್ಡಿನ ತಗಡು ಹಾರಿಹೋಗುವಷ್ಟು ಶಿಳ್ಳೆ ಬಿತ್ತು. ಸರ್ವರ್ ಬೇಗಂ ಮಗಳ ತಲೆಯ ಸುತ್ತ ಕೈ ನಿವಾಳಿಸಿ ಲಟಿಕೆ ಮುರಿದರು. ದೇಶದಲ್ಲೇ ಅತ್ಯಂತ ಕಠಿಣ ಟ್ರ್ಯಾಕ್ ಇದೆಂದು ಸ್ಪರ್ಧೆ ನಡೆಸಿದವರು ಹೊಗಳಿದರು. ಆ ಹೊಗಳಿಕೆಯನ್ನು ಉಪಕಚೇರಿಯು ತನ್ನ ಕಾರ್ಯವೈಖರಿಗೆ ಸಂದ ಗೌರವವೆಂದು ಸ್ವೀಕರಿಸಿತು.

ಹೊಸ ಆದೇಶ ಬಂತು. ಮಂಡಿ ಹಿಂದಿನ ರಸ್ತೆಯ ಗುಂಡಿಗಳು ಇನ್ನು ಮುಂದೆ ಕ್ರೀಡಾ ಆಸ್ತಿ. ಅವನ್ನು ಮುಚ್ಚುವುದು ಅಪರಾಧ. ಮಳೆಗೆ ಹೂಳು ತುಂಬಿದರೆ ತೆಗೆಯುವ ಗುತ್ತಿಗೆ ಕರಿಯಣ್ಣನವರಿಗಾಯಿತು. ತರನ್ನುಮ್‌ಗೆ ಯಂತ್ರ ಪೂರ್ತಿಯಾಗಿ ಮರಳಿತು, ಜೊತೆಗೆ ‘ಗೌರವ ಗುಂಡಿ ಸಲಹೆಗಾರರು’ ಎಂಬ ಹುದ್ದೆಯೂ ಬಂತು. ರಸ್ತೆ ಸರಿಮಾಡಿ ಎಂದು ಹೇಳಲು ಅವಳು ಒಮ್ಮೆ ಬಾಯಿ ತೆರೆದದ್ದುಂಟು. ಮುಂದಿನ ವರ್ಷದ ಸ್ಪರ್ಧೆ ನೆನಪಾಗಿ, ಆಕಳಿಸಿದಂತೆ ಮಾಡಿ ಮುಚ್ಚಿಕೊಂಡಳು.

ಮೊನ್ನೆ ಹನುಮಂತಮ್ಮ ತಿಳಿಯದೆ ಅದೇ ರಸ್ತೆಯಲ್ಲಿ ತನ್ನ ಮನೆ ಮುಂದಿನ ಗುಂಡಿಗೆ ಇಟ್ಟಿಗೆ ಚೂರು ತುಂಬಿದ್ದಳು. ಶಿವಮೂರ್ತಪ್ಪನವರು ಅಳತೆಪಟ್ಟಿ ಹಿಡಿದು ಬಂದರು. ಅವಳು ಮರುಮಾತಾಡದೆ ಹಾರೆ ತಂದು, ಇಟ್ಟಿಗೆ ಕಿತ್ತು, ಅಗೆಯತೊಡಗಿದಳು.

“ಇಷ್ಟ್ ಸಾಕಾ ಸಾಹೇಬ್ರೆ?”

ಅವರು ಬಗ್ಗಿ ಅಳೆದರು. “ಇನ್ನೊಂದ್ ಗೇಣು ಹನುಮಂತಮ್ಮ. ರಾಷ್ಟ್ರಮಟ್ಟದ್ದು ಅದು.”

“ಹೌದಾ? ಮೊದ್ಲೇ ಹೇಳ್ಬಾರ್ದೇನಪ್ಪಾ,” ಎಂದು ಅವಳು ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಅಂಗೈ ಉಜ್ಜಿ, ಹಾರೆ ಎತ್ತಿದಳು.