ಕೆಂಪು ಟೇಪ್ ಕಂಡಲ್ಲಿ ಒಡೆಯಿರಿ

ಹೊಸ ಮನೆಯ ಕೀಲಿಕೈಯನ್ನು ಹಲ್ಲು ಕಿರಿದು ಇಸಿದುಕೊಳ್ಳುವ ಗಿರಾಕಿ ನಾನಲ್ಲ! ಹಾಗೆಂದು ಆಫೀಸಿನಲ್ಲಿ ಎಲ್ಲರ ಮುಂದೆ ಎದೆ ತಟ್ಟಿ ಸಾರಿದ್ದೆ. ಅದಕ್ಕೆ ಕಾರಣ ನಮ್ಮ ಅಕೌಂಟೆಂಟ್. ಆ ಪುಣ್ಯಾತ್ಮ ಬಿಲ್ಡರ್ ಬೆರಳು ತೋರಿಸಿದ ಕಡೆಯೆಲ್ಲ ಕಣ್ಣು ಮುಚ್ಚಿ ಸಹಿ ಹಾಕಿ ಮನೆ ವಹಿಸಿಕೊಂಡಿದ್ದ. ಈಗ ಅವನು ಸ್ನಾನ ಮಾಡಿದರೆ ನೀರು ಬಚ್ಚಲಿನಿಂದ ಹೊರಟು, ಹಾಲಿಗೊಂದು ಸುತ್ತು ಹಾಕಿ, ಮಂಚದ ಕೆಳಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳುತ್ತದೆಯಂತೆ.

"ನನ್ನ ಹತ್ರ ಆ ಆಟ ನಡೆಯೋದಿಲ್ಲ. ಸೂಜಿಮೊನೆಯಷ್ಟು ದೋಷ ಇದ್ರೂ ನಾನು ಸಹಿ ಹಾಕೋದಿಲ್ಲ!" ಎಂದು ಹೆಂಡತಿಗೂ ಹೇಳಿದೆ.

"ಅದೆಲ್ಲ ಸರಿ ರೀ. ತಿಂಗಳ ಕೊನೆಗೆ ಈ ಬಾಡಿಗೆ ಮನೆ ಬಿಡಬೇಕು. ಓನರ್ ಆಗ್ಲೇ ಬೇರೆಯವರಿಗೆ ಮಾತು ಕೊಟ್ಟಿದ್ದಾರೆ. ಅಷ್ಟರೊಳಗೆ ನಿಮ್ಮ ಸೂಜಿಮೊನೆ ಮುಗಿಯುತ್ತಾ?"

"ಧಾರಾಳವಾಗಿ!"

"ಹಾಗಾದ್ರೆ ಮಂಚ ಎಲ್ಲಿ ಹಾಕೋದು, ಗಡಿಯಾರ ಯಾವ ಗೋಡೆಗೆ ಅಂತ ಒಂದ್ಸಲ..."

"ಮೊದಲು ದೋಷ, ಆಮೇಲೆ ಮಂಚ! ನಾನು ತಪಾಸಣೆ ಮಾಡುವಾಗ ಮಂಚ, ಗಡಿಯಾರ ಅಂತ ತಲೆ ತಿನ್ನಬೇಡ. ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ಗೀಚಿ ಗುರುತು ಮಾಡೋದಂತೂ ಕೂಡದು. ಹೊಸ ಬಣ್ಣ!"

ಅವಳು ಸುಮ್ಮನಾದಳು. ಅವಳು ಸುಮ್ಮನಾದಾಗಲೇ ನಾನು ಎಚ್ಚೆತ್ತುಕೊಳ್ಳಬೇಕು ಎಂಬುದು ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ತಲೆಗೆ ಹೋಗಿಲ್ಲ.

ತಪಾಸಣೆಯ ದಿನ ದಂಡಯಾತ್ರೆಗೆ ಹೊರಟವನಂತೆ ಹೊರಟೆ. ಚೀಲದಲ್ಲಿ ಟಾರ್ಚು, ವಾರೆ ಹಿಡಿಯಲು ರಸಮಟ್ಟ, ಟೈಲ್ಸ್ ಕುಟ್ಟಿ ಸದ್ದು ಕೇಳಲು ಒಂದು ಸ್ಟೀಲ್ ಚಮಚ, ದೋಷ ಕಂಡಲ್ಲಿ ಅಂಟಿಸಲು ಕೆಂಪು ಟೇಪಿನ ದೊಡ್ಡ ಸುರುಳಿ. ಬಾಗಿಲಲ್ಲೇ ಎದುರಾದ ಬಿಲ್ಡರ್ ಕಡೆಯ ಸೂಪರ್‌ವೈಸರ್ ಈ ಸರಂಜಾಮು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

ನಾನು ನೆಲದ ಮೇಲೆ ಮಕಾಡೆ ಮಲಗಿ ಒಂದು ಕಣ್ಣು ಮುಚ್ಚಿ ಟೈಲ್ಸ್ ಮಟ್ಟ ನೋಡಿದೆ. ಗೋಡೆಗೆ ಕೆನ್ನೆಯಿಟ್ಟು ಉಬ್ಬು ಹುಡುಕಿದೆ. ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ತಿರುಗಿಸಿ, ಬಚ್ಚಲಲ್ಲಿ ನೀರು ಯಾವ ಕಡೆ ಹರಿಯುತ್ತದೆಂದು ಕಾದು ಕುಳಿತೆ. ಸ್ವಿಚ್ ಬೋರ್ಡು ಕೂದಲೆಳೆಯಷ್ಟು ವಾರೆ. ಅಂಟಿಸಿದೆ! ಕಿಟಕಿಯ ಚಿಲಕ ಕಿರ್ ಎಂದಿತು. ಅಂಟಿಸಿದೆ! ಒಂದು ಕೋಣೆ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಟೇಪನ್ನು ಕಿಟಕಿಯ ಮೇಲಿಟ್ಟು ಮರೆಯುತ್ತಿದ್ದೆ. ಹಿಂದೆಯೇ ಬರುತ್ತಿದ್ದ ಹೆಂಡತಿ ತಂದುಕೊಡುತ್ತಿದ್ದಳು. ಎಂಥ ಸಹಧರ್ಮಿಣಿ ಎಂದು ಹೆಮ್ಮೆಪಟ್ಟೆ.

ಕೊನೆಗೆ, ಹೆಂಡತಿ ಕೆಳಗಿಳಿದು ಹೋದ ಮೇಲೆ, ಸೂಪರ್‌ವೈಸರ್ ಕೈ ಹೊಸೆಯುತ್ತ, "ಸಾರ್, ಎಲ್ಲೆಲ್ಲಿ ಏನೇನು ತೊಂದ್ರೆ ಅಂತ ಒಂದ್ಮಾತು ಹೇಳಿಬಿಟ್ರೆ..." ಎಂದರು.

"ಏನೂ ಹೇಳೋದಿಲ್ಲ! ಹೇಳಿದ್ರೆ ನೀವು ತೇಪೆ ಹಚ್ಚಿ ಕೈ ತೊಳ್ಕೋತೀರಿ. ಕೆಂಪು ಟೇಪ್ ಕಂಡ ಕಡೆ ಒಡೀರಿ, ಹೊಸದಾಗಿ ಮಾಡಿ. ನಿಮ್ಮ ಕಣ್ಣಿಗೆ ದೋಷ ಕಾಣದೇ ಇದ್ರೂ ಒಡೀರಿ!"

"ಕಾಣದೇ ಇದ್ರೂ ಒಡೀಬೇಕಾ ಸಾರ್?"

"ಪ್ರಶ್ನೆ ಬೇಡ! ಎಲ್ಲ ಮುಗಿದ ಮೇಲೆ ಫೋನ್ ಮಾಡಿ. ಅರ್ಧಂಬರ್ಧ ಕೆಲಸ ನೋಡೋಕೆ ನಾನು ಬರೋದಿಲ್ಲ."

ಫೋನ್ ಬರಲೇ ಇಲ್ಲ. ನಾನೇ ಮಾಡಿದರೆ "ನಡೀತಿದೆ ಸಾರ್, ಜೋರಾಗಿ ನಡೀತಿದೆ" ಎಂಬ ಉತ್ತರದ ಹಿಂದೆ ಸುತ್ತಿಗೆಯ ಸದ್ದು ಕೇಳುತ್ತಿತ್ತು. ಆ ಸದ್ದು ನನಗೆ ಸಂಗೀತದಂತಿತ್ತು! ಹಾಗಾಗಿ ತಿಂಗಳ ಕೊನೆಯ ದಿನ ಬಾಡಿಗೆ ಮನೆ ಖಾಲಿ ಮಾಡಿ, ಸಾಮಾನನ್ನೆಲ್ಲ ಲಾರಿಗೆ ಹೇರಿಸಿ, ಗಂಡ ಹೆಂಡತಿ ಇಬ್ಬರೂ ಹೊಸ ಮನೆಗೆ ಬಂದಿಳಿದೆವು.

ಸೂಪರ್‌ವೈಸರ್ ಬಾಗಿಲು ತೆರೆದರೆ ಅದು ಮನೆಯೋ ಕಲ್ಲು ಕ್ವಾರಿಯೋ!

ನಾನು ಹುಡುಕಿದ ಸಣ್ಣಪುಟ್ಟ ದೋಷಗಳೆಲ್ಲ ಅಚ್ಚುಕಟ್ಟಾಗಿ ಸರಿಯಾಗಿದ್ದವು. ಆದರೆ ಹಾಲಿನ ಗೋಡೆಯ ನಟ್ಟನಡುವೆ ಇಟ್ಟಿಗೆ ಕಾಣುವಂತೆ ದೊಡ್ಡ ತೂತು. ಅಡುಗೆಮನೆಯ ಕಟ್ಟೆಯ ಕಲ್ಲೇ ಮಾಯ. ಮಲಗುವ ಕೋಣೆಯ ನೆಲದಲ್ಲಂತೂ ಗಿಡ ನೆಡಲು ತೋಡಿದಂತೆ ನಾಲ್ಕು ಗುಂಡಿ!

"ಏನ್ರೀ ಇದು!" ಎಂದು ಸೂಪರ್‌ವೈಸರ್ ಮೇಲೆ ಹಾರಿಬಿದ್ದೆ. "ಈ ಟೈಲ್ಸ್ ಚೆನ್ನಾಗಿ ಇತ್ತಲ್ರೀ!"

"ನಮ್ಮ ಟೈಲ್ಸ್ ಮೇಸ್ತ್ರಿನೂ ಅದನ್ನೇ ಅಂದ ಸಾರ್. ನೀನ್ಯಾರಯ್ಯ ಕೇಳೋಕೆ, ಕೆಂಪು ಟೇಪ್ ಇದೆಯಲ್ಲ, ಒಡಿ ಅಂತ ನಾನೇ ಗದರಿಸಿ ಒಡೆಸಿದೆ."

"ನಾನಿಲ್ಲಿ ಟೇಪ್ ಅಂಟಿಸೇ ಇಲ್ಲ!"

ಹಿಂದಿನಿಂದ ಯಾರೋ ನನ್ನ ಶರ್ಟು ಜಗ್ಗಿದರು. ಹೆಂಡತಿ.

"ರೀ... ಅದು ಮಂಚದ ಕಾಲು."

"ಏನು?"

"ನಾಲ್ಕು ಕಾಲು ಎಲ್ಲೆಲ್ಲಿ ಬರುತ್ತೆ ಅಂತ ನಾನೇ ಅಂಟಿಸಿದ್ದೆ. ಹಾಲಲ್ಲಿರೋದು ಗಡಿಯಾರ. ಅಡುಗೆಮನೇದು ಒಲೆ."

"ನನಗೆ ಒಂದು ಮಾತು ಹೇಳೋಕೆ ಏನಾಗಿತ್ತೇ!"

"ಮಂಚ ಅಂದ್ರೆ ತಲೆ ತಿನ್ನಬೇಡ ಅಂದ್ರಿ. ಪೆನ್ಸಿಲ್ ಕೂಡದು ಅಂದ್ರಿ. ಇನ್ನೇನು ಉಗುರಲ್ಲಿ ಕೆರೀಬೇಕಿತ್ತಾ?"

ಕೆಳಗೆ ಲಾರಿಯವನು ಹಾರ್ನ್ ಒತ್ತುತ್ತಿದ್ದ. ಹಳೆ ಮನೆಯಲ್ಲಿ ಆಗಲೇ ಹೊಸ ಬಾಡಿಗೆದಾರರು ಹಾಲು ಕಾಯಿಸುತ್ತಿರಬೇಕು. ನಮಗೆ ಕಾಲಿಡಲು ನೆಲವೇ ಇಲ್ಲ! ನಾಚಿಕೆ ಬಿಟ್ಟು ಸೂಪರ್‌ವೈಸರ್ ಕೈ ಹಿಡಿದುಕೊಂಡೆ.

ಅವರಿಗೆ ಕನಿಕರ ಹುಟ್ಟಿತು. "ಎದುರಿನ ಫ್ಲಾಟು ರೆಡಿ ಇದೆ. ಅದರ ಓನರ್ ಬರೋದು ಇನ್ನೂ ತಡ. ನಿಮ್ದು ರಿಪೇರಿ ಆಗೋವರೆಗೂ ಅಲ್ಲಿರಿ. ಆದ್ರೆ ಸಾರ್, ದಯವಿಟ್ಟು ಏನನ್ನೂ ಪರೀಕ್ಷೆ ಮಾಡಬೇಡಿ."

ಎಂಥ ಮನೆ ಅದು! ಇಲ್ಲೂ ಸ್ವಿಚ್ ಬೋರ್ಡು ವಾರೆ, ಚಿಲಕ ಕಿರ್ ಎನ್ನುತ್ತದೆ, ನಡೆದರೆ ಟೈಲ್ಸ್ ಟೊಳ್ಳು ಸದ್ದು. ಆದರೂ ತಲೆಯ ಮೇಲೆ ಸೂರಿತ್ತು, ಒಲೆಯಿಡಲು ಕಟ್ಟೆಯಿತ್ತು. ಭಾನುವಾರ ಮಧ್ಯಾಹ್ನ ಬನಿಯನ್‌ನಲ್ಲಿ ಮಂಚದ ಮೇಲೆ ಕಾಲು ಚಾಚಿ, "ಇದೇ ಸ್ವರ್ಗ ಕಣೇ. ಮನೆ ಅಂದ್ಮೇಲೆ ಸಣ್ಣಪುಟ್ಟದ್ದು ಇರುತ್ತೆ, ಹೊಂದ್ಕೋಬೇಕು," ಎಂದೆ.

ಹೆಂಡತಿ ಕೈಯಲ್ಲಿದ್ದ ಸೌಟನ್ನು ನನ್ನ ಕಡೆ ಬೀಸುವಷ್ಟರಲ್ಲಿ ಬಾಗಿಲು ತೆರೆಯಿತು.

ಹೊಸ್ತಿಲಲ್ಲಿ ಬಿಳಿ ಮೀಸೆಯ ಹಿರಿಯರೊಬ್ಬರು. ಅವರ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಹಸಿರು ಟೇಪಿನ ಸುರುಳಿ! ಹಿಂದೆ ಬೆವರೊರೆಸಿಕೊಳ್ಳುತ್ತ ನಿಂತ ಸೂಪರ್‌ವೈಸರ್, "ಓನರ್ ಸಾರ್... ಬೇಗ ಬಂದ್ಬಿಟ್ರು," ಎಂದು ತೊದಲಿದರು.

ನಾನು ದಡಬಡಿಸಿ ಎದ್ದು ಕೂತೆ. "ಬನ್ನಿ ಸಾರ್, ಬನ್ನಿ. ಬಹಳ ಒಳ್ಳೆ ಮನೆ. ಹುಡುಕಿದ್ರೂ ಒಂದು ದೋಷ ಸಿಗೋದಿಲ್ಲ, ನಾನೇ ಗ್ಯಾರಂಟಿ!"

ಅವರು ಕನ್ನಡಕ ಏರಿಸಿಕೊಂಡು ನನ್ನ ಬನಿಯನ್, ಮಂಚ, ಕಿಟಕಿಗೆ ಒಣಹಾಕಿದ್ದ ನನ್ನ ಪಂಚೆ ಎಲ್ಲವನ್ನೂ ನಿಧಾನವಾಗಿ ನೋಡಿದರು. ಚರ್ರೆಂದು ಒಂದು ತುಂಡು ಟೇಪ್ ಹರಿದು, ನೇರ ಬಂದು ನನ್ನ ಭುಜದ ಮೇಲೆ ಅಂಟಿಸಿದರು.

"ಮೊದಲು ಇದನ್ನ ತೆಗೆಸ್ರೀ," ಎಂದರು ಸೂಪರ್‌ವೈಸರಿಗೆ. "ಮಿಕ್ಕಿದ್ದು ಆಮೇಲೆ ನೋಡೋಣ."