ಖಾಲಿ ಜಾಗದ ಜಗಳ

ಅಚ್ಚುಕೂಟದಲ್ಲಿ ಕೂತವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಪ್ರೂಫ್ ಹಿಡಿದುಕೊಂಡು ಬಾಗಿಲಿಗೆ ಬರುತ್ತೆ. ಕೊಡಗು ತಾನೇ ಒಂದು ರಾಜ್ಯವಾಗಿದ್ದ ಕಾಲದಲ್ಲಿ ನಾನು ಮಡಿಕೇರಿಯ ಒಂದು ಪ್ರೆಸ್ಸಿನಲ್ಲಿ ಅಕ್ಷರದ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಅಕ್ಷರದ ಸುತ್ತ ಧಾರಾಳ ಜಾಗ ಬಿಟ್ಟರೇ ಅಚ್ಚು ಚೆಂದ ಅನ್ನೋದು ನನ್ನ ಹುಚ್ಚು. ಕಾಗದ ಪೂರ್ತಿ ತುಂಬಲೇಬೇಕು ಅನ್ನೋದು ಗಿರಾಕಿಗಳ ಹುಚ್ಚು. ನಡುವೆ ಸಿಕ್ಕ ಮಾಲೀಕರು ಒಂದು ದಿನ ಹೇಳಿಯೇಬಿಟ್ಟರು: "ಇನ್ನು ಮೂರು ಗಿರಾಕಿ ತಕರಾರು ತಂದ್ರೆ ನೀನು ಊರಿಗೆ ಹೋಗಿ ರಾಗಿ ಬಿತ್ತಯ್ಯ."

೧. ತೋಟದವರ ಕಾಗದ

ಪಾಲಿಬೆಟ್ಟದ ಕಡೆಯ ಸಾಹುಕಾರರೊಬ್ಬರು ಪತ್ರ ಬರೆಯುವ ಕಾಗದ ಅಚ್ಚು ಹಾಕಿಸಲು ಬಂದರು. ನಾನು ಮೇಲೆ ಎಸ್ಟೇಟಿನ ಹೆಸರು ಜೋಡಿಸಿ ಕೆಳಗೆ ಬಿಳಿ ಬಿಟ್ಟಿದ್ದೆ.

"ಇದೇನಿದು? ಕಾಫಿ ಸಾಲಲ್ಲಿ ಗಿಡ ಸತ್ತರೆ ಮುಂದಿನ ಮಳೆಗೆ ಅಲ್ಲೇ ಇನ್ನೊಂದು ನೆಡಬೇಕು. ಖಾಲಿ ಬಿಡೋದು ತೋಟದ ಆಳು-ಲೆಕ್ಕ ನೋಡೋ ಸೋಮಾರಿ ರೈಟರನ ಕೆಲಸ" ಅಂದರು.

ಹೂವು, ಬಳ್ಳಿ, ಕಾಫಿ ಗೊಂಚಲು, ಏನಿತ್ತೋ ಎಲ್ಲ ತುಂಬಿಸಿಕೊಂಡು ಖುಷಿಯಾಗಿ ಹೋದರು. ವಾರಕ್ಕೆ ಅವರ ತಕರಾರು ಅಂಚೆಯಲ್ಲಿ ಬಂತು. ಮಾಲೀಕರು ಒಂದು ಬೆರಳು ಮಡಚಿದರು. ತಕರಾರನ್ನು ನಾನು ಅಚ್ಚು ಹಾಕಿದ ಅದೇ ಕಾಗದದ ಬೆನ್ನಿಗೆ ಬರೆದಿದ್ದರು, ಮುಂದೆ ಜಾಗ ಇರಲಿಲ್ಲವಂತೆ.

೨. ಹಿರಿಯರಿಗೆ ಮೊದಲು

ಆಮೇಲೆ ಅಮ್ಮತ್ತಿಯಿಂದ ಮದುವೆ ಕಾಗದಕ್ಕೆ ಒಬ್ಬ ಹಿರಿಯರು ಬಂದರು. ಮದುಮಕ್ಕಳ ಹೆಸರು ದಪ್ಪಗೆ, ಉಳಿದವರದ್ದು ಸಣ್ಣಗೆ ಜೋಡಿಸಿ ತೋರಿಸಿದೆ. ಅವರ ಮುಖ ಗಂಟಾಯಿತು.

"ನಮ್ಮಲ್ಲಿ ಹಿರಿಯರ ಕಾಲು ಹಿಡಿದು ನಮಸ್ಕರಿಸೋದು ವಯಸ್ಸಿನ ಕ್ರಮದಲ್ಲಿ. ಅಕ್ಷರವೂ ಹಾಗೇ ಇರಲಿ."

ತೊಂಬತ್ತು ದಾಟಿದ ಅಜ್ಜನಿಗೆ ಪ್ರೆಸ್ಸಿನ ಅತಿ ದೊಡ್ಡ ಮೊಳೆ. ಆಮೇಲೆ ದೊಡ್ಡಪ್ಪ, ಚಿಕ್ಕಪ್ಪ, ಮಾವ ಅಂತ ಇಳಿಯುತ್ತಾ ಬಂದು ಮದುಮಕ್ಕಳು ಇರುವೆ ಸಾಲಿನಷ್ಟಾದರು. ಹಂಚಿದ ಮಾರನೇ ದಿನವೇ ಹಿರಿಯರು ಕೆಂಡವಾಗಿ ಬಂದರು. ಮಾಲೀಕರು ಎರಡನೇ ಬೆರಳು ಮಡಚಿದರು. ಕಾಗದ ನೋಡಿದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆಯಂತೆ: "ಈ ವಯಸ್ಸಲ್ಲಿ ಅಜ್ಜನಿಗೆ ಹೆಣ್ಣು ಕೊಟ್ಟೋರು ಯಾರು?"

೩. ಕಣ್ಣು ಹೋಗುವ ಜಾಗ

ನಿಜ ಹೇಳ್ತೇನೆ, ನನಗೆ ಹೆದರಿಕೆ ಹತ್ತಿತ್ತು. ಆಗ ನಿವೃತ್ತ ಸುಬೇದಾರರೊಬ್ಬರು ಬಂದರು. ಹಬ್ಬಕ್ಕೆ ಅವರ ಊರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ, ಅದರ ಪೋಸ್ಟರ್ ಬೇಕಿತ್ತು. "ನಿನಗೆ ಚೆಂದ ಕಂಡಂತೆ ಮಾಡು. ದೂರದಿಂದ ನೋಡಿದರೂ ಕಣ್ಣು ನೇರ ವಿಷಯಕ್ಕೆ ಹೋಗಬೇಕು" ಅಂದರು.

ಇಂಥ ಗಿರಾಕಿ ಜನ್ಮಕ್ಕೊಬ್ಬ. ದೊಡ್ಡ ಬಿಳಿ ಹಾಳೆ, ನಟ್ಟ ನಡುವೆ ಒಂದು ದಪ್ಪ ಕಪ್ಪು ಬಳೆ, ಅದರೊಳಗೆ ಪಂದ್ಯದ ದಿನ ಮತ್ತು ಸ್ಥಳ. ಸುತ್ತ ಏನೂ ಇಲ್ಲ. ನನ್ನ ಕೆಲಸಕ್ಕೆ ನಾನೇ ಮರುಳಾದೆ.

ನಾಲ್ಕು ದಿನಕ್ಕೆ ಸುಬೇದಾರರು ಪೋಸ್ಟರ್ ಸುರುಳಿ ಹಿಡಿದು ವಾಪಸು ಬಂದರು. ಬಿಚ್ಚಿ ತೋರಿಸಿದರೆ ಬಳೆಯೊಳಗೆ ಅಕ್ಷರವೇ ಇಲ್ಲ, ಬರೀ ತೂತು.

"ಮರಕ್ಕೆ ಅಂಟಿಸಿದ್ದೇ ತಡ, ಊರಿನ ಕೋವಿಯೆಲ್ಲ ಇದರ ಮೇಲೇ ಅಭ್ಯಾಸ ಮಾಡಿವೆ. ಪಂದ್ಯ ಯಾವತ್ತು ಅಂತ ಒಬ್ಬನಿಗೂ ಗೊತ್ತಿಲ್ಲ" ಅಂದರು.

ಮಾಲೀಕರು ಮೂರನೇ ಬೆರಳು ಮಡಚಿದರು. ನಾನು ಮೊಳೆಯಿಂದ ಕಣ್ಣು ತೆಗೆದು ಚೀಲ ಎತ್ತಿಕೊಂಡೆ.

"ಎಲ್ಲಿಗೆ ಹೋಗ್ತೀಯಾ ಮಾರಾಯ? ಕಣ್ಣು ನೇರ ಹೋಗಬೇಕು ಅಂದಿದ್ದೆ, ಎಲ್ಲರದ್ದೂ ಹೋಗಿದೆ. ಇನ್ನೂ ಇನ್ನೂರು ಹಾಕು" ಅಂದರು ಸುಬೇದಾರರು. "ದಿನ, ಸ್ಥಳ ಮಾತ್ರ ಕೆಳಗಿನ ಮೂಲೆಗಿರಲಿ. ನಮ್ಮ ಹುಡುಗರ ಗುರಿ ಅಷ್ಟು ಕೆಟ್ಟಿಲ್ಲ."