ಮುದ್ದೆ ತೊಳಸದ ಬೆನ್ನುಮೂಳೆ

ಬೆಳಿಗ್ಗೆ ಏಳುವುದನ್ನು ನಾನು ಈಗ ಕಂತುಗಳಲ್ಲಿ ಮಾಡುತ್ತೇನೆ. ಮೊದಲು ಮಗ್ಗುಲಿಗೆ ಹೊರಳಬೇಕು, ಆಮೇಲೆ ಕಾಲು ಇಳಿಬಿಡಬೇಕು, ಆಮೇಲೆ ಮೊಣಕೈ ಊರಿ, ಎದುರು ಗೋಡೆಯ ಕ್ಯಾಲೆಂಡರಿನ ದೇವರಿಗೆ ಒಂದು ಬಲವಂತದ ನಗೆ ಬೀರಿ ಮೇಲೇಳಬೇಕು. ಆ ದಿನವೂ ಹಾಗೇ ಎದ್ದೆ. ಹಾಲಿನ ಪಾತ್ರೆ ಹೊರಗಿಟ್ಟೆ, ಬಾಗಿಲಿಗೆ ನೀರು ಚಿಮುಕಿಸಿದೆ, ರಂಗೋಲಿ ಹಾಕಿದೆ. ನನ್ನ ರಂಗೋಲಿ ಒಂದು ಕಾಲದಲ್ಲಿ ಹೊಸ್ತಿಲಿನಿಂದ ಗೇಟಿನವರೆಗೆ ಹಬ್ಬುತ್ತಿದ್ದ ಬಳ್ಳಿ. ಬೆನ್ನು ಕೈಕೊಟ್ಟ ಮೇಲೆ ಅದು ಕುಗ್ಗುತ್ತಾ ಬಂದು, ಈಗ ಕಾಫಿ ಲೋಟದ ತಳದಷ್ಟಾಗಿದೆ. ಹಾಲಿನವನು ದಿನಾ ಅದನ್ನು ತುಳಿದೇ ಬರುತ್ತಾನೆ. ಬೈಯುವಂತಿಲ್ಲ. ಅಲ್ಲೊಂದು ರಂಗೋಲಿ ಇದೆ ಎಂದು ಅವನಿಗೆ ಗೊತ್ತಿದ್ದರೆ ತಾನೆ!

ಅಂದು, ಆಪರೇಷನ್ ಮಾಡಿಸುವುದೋ ಬೇಡವೋ ಎಂದು ಮೈಸೂರಿನ ಮೂಳೆ ಡಾಕ್ಟರಿಗೆ ನಾನು ಉತ್ತರ ಹೇಳಬೇಕಾದ ದಿನ. ಸೊಂಟದ ಹತ್ತಿರ ಒಂದು ಮೂಳೆ ಇನ್ನೊಂದರ ಮೇಲಿನಿಂದ ತುಸು ಮುಂದಕ್ಕೆ ಜಾರಿದೆಯಂತೆ. ಎರಡಕ್ಕೂ ಸ್ಕ್ರೂ ಹಾಕಿ, ಸರಳು ಬಿಗಿದುಬಿಟ್ಟರೆ, "ಕ್ರಮೇಣ ಎರಡೂ ಒಂದಾಗಿಬಿಡ್ತವೆ ಮೇಡಂ" ಎಂದರು ಅವರು, ತಾವೇ ಮುಂದೆ ನಿಂತು ಮದುವೆ ಮಾಡಿಸುವವರ ಹಾಗೆ. ಒಂದಾದ ಮೇಲೆ ಬಗ್ಗುವುದು ಹೇಗೆ ಎಂದು ಕೇಳಿದೆ. "ಅಲ್ಲಿ ಬಗ್ಗಲ್ಲ, ಅದರ ಮೇಲಿನದು ಬಗ್ಗುತ್ತೆ" ಎಂದರು. ಅಂದರೆ ಒಬ್ಬಳು ಕೆಲಸ ಬಿಟ್ಟು ಕೂತರೆ ಅವಳ ಪಾಲನ್ನೂ ಪಕ್ಕದವಳೇ ಮಾಡಬೇಕು. ಇದು ನನಗೆ ಕೂಡುಕುಟುಂಬದಲ್ಲೇ ಗೊತ್ತಾದ ವಿಚಾರ, ಅದಕ್ಕೆ ಸ್ಕ್ರೂ ಬೇಕಿರಲಿಲ್ಲ. ಆದರೆ ಡಾಕ್ಟರು ನ್ಯಾಯವಂತರು. ಕಾಲು ಜೋಮು ಹಿಡಿದಿಲ್ಲ, ಆತುರವಿಲ್ಲ, ಬೆನ್ನಿಗೆ ಶ್ರಮವಾಗುವ ಕೆಲಸ ಬಿಟ್ಟು, ವ್ಯಾಯಾಮ ಮಾಡಿ ಕೆಲವು ತಿಂಗಳು ನೋಡಲೂಬಹುದು ಎಂದರು. "ಏನಾದರೂ ಭಾರದ ಕೆಲಸ ಮಾಡ್ತೀರಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಯಜಮಾನರು, "ಏನಿಲ್ಲ ಡಾಕ್ಟ್ರೇ, ಮನೇಲೇ ಇರ್ತಾಳೆ" ಎಂದರು. ಆ ಮಾತಿಗೆ ಯಾವ ಸ್ಕ್ಯಾನಿಂಗ್ ಮಾಡಿಸಬೇಕೋ ನನಗಿನ್ನೂ ಹೊಳೆದಿಲ್ಲ.

ಯಜಮಾನರಿಗೆ ಕೆ.ಆರ್. ನಗರದಲ್ಲಿ ಬೀಜ, ಗೊಬ್ಬರದ ಅಂಗಡಿ. ಚೀಲದ ಮೇಲೆ ಬಣ್ಣದ ಚಿತ್ರವಿಲ್ಲದ ಬೀಜವನ್ನು ಅವರೂ ನಂಬುವುದಿಲ್ಲ, ಅವರ ಗಿರಾಕಿಗಳೂ ನಂಬುವುದಿಲ್ಲ. ಹಾಗಾಗಿ ನನ್ನ ಬೆನ್ನಿನ ವಿಷಯದಲ್ಲೂ ಬಣ್ಣದ ಚಿತ್ರ ನೋಡಿಯೇ ತೀರ್ಮಾನಿಸುವುದೆಂದು ತಮ್ಮ ತಂಗಿಯ ಮಗ ಪ್ರಜ್ವಲನನ್ನು ಕರೆಸಿದರು. ಅವನು ಮೈಸೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಸ್ಕಾಲರ್‌ಶಿಪ್ ಪಡೆದು ಇದರ ಮೇಲೆಯೇ ಸಂಶೋಧನೆ ಮಾಡುತ್ತಿದ್ದಾನೆ: ಬೆನ್ನುಮೂಳೆಗೆ ಸ್ಕ್ರೂ ಹಾಕಿ ಬೆಸೆದರೆ ಎಲ್ಲೆಲ್ಲಿ ಎಷ್ಟೆಷ್ಟು ಒತ್ತಡ ಬೀಳುತ್ತದೆಂದು ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿ ನೋಡುವುದು. ಬಂದವನೇ ಊಟದ ಮೇಜಿನ ಮೇಲಿದ್ದ ಉಪ್ಪಿನಕಾಯಿ ಜಾಡಿ ಸರಿಸಿ ಲ್ಯಾಪ್‌ಟಾಪ್ ತೆರೆದ.

ಪರದೆಯ ಮೇಲೆ ಒಬ್ಬ ಮಹಾನುಭಾವರು ಪ್ರತ್ಯಕ್ಷರಾದರು. ತಲೆಯಿಲ್ಲ, ಹೊಟ್ಟೆಯಿಲ್ಲ, ಕಾಲಿಲ್ಲ. ಸೊಂಟದ ಐದು ಮೂಳೆ ಮಾತ್ರ. ಮೈತುಂಬ ಮೀನಿನ ಬಲೆಯಂಥ ಗೆರೆಗಳು. ಮೂಳೆಯನ್ನು ಸಾವಿರಾರು ಚೂರು ಮಾಡಿ ಒಂದೊಂದು ಚೂರಿನ ಲೆಕ್ಕ ಬಿಡಿಸಿ ಮತ್ತೆ ಜೋಡಿಸುತ್ತಾರಂತೆ. ಅವನು ಒಂದು ಗುಂಡಿ ಒತ್ತಿದ. ಮಹಾನುಭಾವರ ನೆತ್ತಿಯ ಮೇಲೆ ಭಾರ ಬಿತ್ತು. ಒತ್ತಡ ಇಳಿದು ಬೆಸೆದ ಜಾಗ ತಣ್ಣಗೆ ನೀಲಿಯಾಯಿತು, ಒತ್ತಡ ಏರಿ ಅದರ ಮೇಲಿನ ಗಂಟು ಕಿತ್ತಳೆಗೆ ತಿರುಗಿತು.

"ನೀಲಿ ಆಯ್ತಲ್ಲ! ಮಾಡ್ಸುಬುಡದೇ ಕಣ್ಲಾ" ಎಂದರು ಯಜಮಾನರು.

"ಮಾವ, ಇದು ಅತ್ತೆ ಬೆನ್ನಲ್ಲ."

"ಮತ್ಯಾರ್ದು?"

"ಯಾರದ್ದೂ ಅಲ್ಲ. ಒಂದು ಸರಾಸರಿ ಬೆನ್ನು. ಇದನ್ನ ನೋಡಿ ಆಪರೇಷನ್ ತೀರ್ಮಾನ ಮಾಡಬಾರದು."

"ಯಾರದ್ದೂ ಅಲ್ಲದ ಬೆನ್ನಿಗೆ ಸ್ಕಾಲರ್‌ಶಿಪ್ ಬೇರೆ ಕೊಡ್ತಾರಾ?" ಎಂದೆ ನಾನು. ನನ್ನ ಬೆನ್ನಿಗೆ ಇಷ್ಟು ವರ್ಷದಲ್ಲಿ ಒಂದು ಒಳ್ಳೆಯ ದಿಂಬೂ ಬಂದಿಲ್ಲ. ಈ ಮಹಾನುಭಾವರು ಏನೇನು ಮಾಡುತ್ತಾರೆ ಎಂದು ಕೇಳಿದೆ. ಮುಂದೆ ಬಾಗುತ್ತಾರಂತೆ, ಹಿಂದೆ ಬಾಗುತ್ತಾರಂತೆ, ಅಕ್ಕಪಕ್ಕ ವಾಲುತ್ತಾರಂತೆ, ಒಂಚೂರು ತಿರುಗುತ್ತಾರಂತೆ. ಅಷ್ಟೆ. ನಾನು ಓದಿದ ಕಾನ್ವೆಂಟಿನಲ್ಲಿ ಬೆಳಗಿನ ಡ್ರಿಲ್‌ಗೆ ನಾವೂ ಹೀಗೇ ಮಾಡುತ್ತಿದ್ದೆವು, ಆಗ ಯಾರಿಗೂ ಬೆನ್ನು ನೋಯುತ್ತಿರಲಿಲ್ಲ. ಈ ಮಹಾನುಭಾವರು ಮಂಚದಡಿ ಗುಡಿಸುವುದಿಲ್ಲ, ಒದ್ದೆ ಬೆಡ್‌ಶೀಟು ಹಿಂಡುವುದಿಲ್ಲ, ಗ್ಯಾಸ್ ಸಿಲಿಂಡರು ಉರುಳಿಸುವುದಿಲ್ಲ. ನಮ್ಮ ಯಜಮಾನರ ಬೆನ್ನಿನ ಮಾದರಿ ಎಂದಿದ್ದರೆ ಒಪ್ಪುತ್ತಿದ್ದೆ.

"ಮುದ್ದೆ ತೊಳಸ್ತಾನೇನಪ್ಪ ನಿನ್ನ ಮಹಾನುಭಾವ?"

ಪ್ರಜ್ವಲ್ ಕನ್ನಡಕ ಸರಿ ಮಾಡಿಕೊಂಡ. "ಅದನ್ನ ಮಾದರಿಗೆ ಯಾರೂ ಹಾಕಿಲ್ಲ ಅತ್ತೆ" ಎಂದ. ನನಗೆ ಇಷ್ಟೇ ಬೇಕಿತ್ತು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಮೈಸೂರಿನಲ್ಲಿ ಸಿಸ್ಟರುಗಳ ಹತ್ತಿರ ಓದಿ, ಚಮಚದಲ್ಲಿ ಸೂಪು ಕುಡಿಯಲು ಕಲಿತ ನಾನು ಮದುವೆಯಾಗಿ ಈ ಮನೆಗೆ ಬಂದಾಗ, ಕಾನ್ವೆಂಟಿನವಳು ಮುದ್ದೆಗೆ ರಾಗಿ ಹಿಟ್ಟು ತೊಳಸುವುದನ್ನು ನೋಡಲು ಬೀದಿಯ ಹೆಂಗಸರೆಲ್ಲ ಅಡುಗೆಮನೆ ಬಾಗಿಲಿಗೆ ಬಂದಿದ್ದರು. ಅತ್ತೆಯವರು ನೆಲದ ಮೇಲೆ ಕೂರಿಸಿ ಹೇಳಿಕೊಟ್ಟರು. ಕುದಿಯುವ ಪಾತ್ರೆಯನ್ನು ಇಳಿಸಿ ಮುಂದಿಟ್ಟುಕೊಳ್ಳಬೇಕು. ಅದರ ಕಂಠಕ್ಕೆ ಕವಲೊಡೆದ ಕವೆಗೋಲು ಕೊಟ್ಟು, ಕೋಲಿನ ಎರಡು ತುದಿಯನ್ನೂ ಪಾದಗಳಿಂದ ಅದುಮಿ ಹಿಡಿಯಬೇಕು. ಆಮೇಲೆ ಎರಡು ಕೈಯಲ್ಲೂ ಹಿಟ್ಟಿನ ಕೋಲು ಹಿಡಿದು, ಸೊಂಟದಿಂದ ಬಾಗಿ, ಗಂಟು ಉಳಿಯದ ಹಾಗೆ ತಿರುವಬೇಕು. ಮೊದಲ ಮುದ್ದೆ ಹೇಗಿತ್ತೆಂದು ನಾನು ಹೇಳುವುದಿಲ್ಲ. ಆದರೆ ಬರಬರುತ್ತಾ ನನ್ನ ಮುದ್ದೆ ಕನ್ನಡಿಯಂತಾಯಿತು. ಅಂದಿನಿಂದ ಇಂದಿನವರೆಗೆ ದಿನಾ, ಅದೇ ನೆಲ, ಅದೇ ಭಂಗಿ. ನಾನು ಈ ಸೀಮೆಯವಳು ಎನ್ನುವುದಕ್ಕೆ ಬೇರೆ ಯಾವ ಸರ್ಟಿಫಿಕೇಟೂ ನನ್ನಲ್ಲಿಲ್ಲ.

ಪ್ರಜ್ವಲ್ ಬಂದ ದಿನ ಅದೇ ಅಡುಗೆಮನೆಯಲ್ಲಿ ವಿಜ್ಞಾನಕ್ಕೆ ಹೊಸ ಪಾಠ ಶುರುವಾಯಿತು. ನಾನು ನೆಲದಲ್ಲಿ ಕೂತು ತೊಳಸಿದೆ, ಪ್ರಜ್ವಲ್ ಬಾಗಿಲ ಪಕ್ಕದಿಂದ, ಫ್ರಿಜ್ಜಿನ ಪಕ್ಕದಿಂದ ಫೋಟೋ ತೆಗೆದ. "ಅತ್ತೆ, ಇನ್ನೊಂದ್ಸಲ ಬಗ್ಗಿ. ಅಲ್ಲೇ ಇರಿ." ಇದ್ದೆ. ಬೆನ್ನಿನಲ್ಲಿ ಯಾರೋ ಚಿಲಕ ಹಾಕಿದಂತಾಗುತ್ತಿತ್ತು. ಆದರೆ ಹೆಮ್ಮೆಗೆ ನೋವು ನಿವಾರಕ ಗುಣವಿದೆ. ಊಟವಾದ ಮೇಲೆ ಅವನು ಕೋನ ಅಳೆದು, ಭಾರ ಊಹಿಸಿ, ಮಹಾನುಭಾವರನ್ನು ಮುದ್ದೆ ತೊಳಸಲು ಕೂರಿಸಿದ. ಕಂಪ್ಯೂಟರು ಮುಕ್ಕಿರಿದು, ಲೆಕ್ಕ ಹರಿಯುತ್ತಿಲ್ಲ ಎಂದು ಕೈಚೆಲ್ಲಿತು.

"ನೋಡಿದ್ಯಾ! ಒಂದು ಹೊತ್ತಿಗೇ ಸುಸ್ತು" ಎಂದು ನಾನು ಒಂದು ಲೋಟ ಮಜ್ಜಿಗೆ ಹೆಚ್ಚಿಗೆ ಕುಡಿದೆ.

ಸಂಜೆಯ ಹೊತ್ತಿಗೆ ಅವನು ಏನೇನೋ ತಿದ್ದಿ ಮತ್ತೆ ಓಡಿಸಿದ. ಈ ಸಲ ಬಂತು. ಸ್ಕ್ರೂ ಹಾಕದ ಬೆನ್ನು, ನನ್ನ ಮೂಳೆ ಜಾರಿದ ಅದೇ ಜಾಗದಲ್ಲಿ, ಬ್ಯಾಡಗಿ ಮೆಣಸಿನಕಾಯಿಯಷ್ಟು ಕೆಂಪು. ಸ್ಕ್ರೂ ಹಾಕಿದ ಬೆನ್ನಿನಲ್ಲಿ ಅದರ ಮೇಲಿನ ಗಂಟು ಅಷ್ಟೇ ಕೆಂಪು.

"ಇದು ಅಂದಾಜು ಅಷ್ಟೆ ಅತ್ತೆ" ಎಂದು ಪ್ರಜ್ವಲ್ ಮೆಲ್ಲಗೆ ಹೇಳಿದ. "ಆದ್ರೆ ಬೆಸೆದ್ರೂ, ಬೆಸೀದಿದ್ರೂ, ನೀವು ಹೀಗೆ ಕೂತು ತೊಳಸೋದು ಒಳ್ಳೇದಲ್ಲ ಅನ್ಸುತ್ತೆ. ಡಾಕ್ಟರಿಗೆ ಇದನ್ನ ಹೇಳಿದ್ರಾ?"

"ಅಂಗಾದ್ರೆ ಮುದ್ದೆ ಬುಟ್ರೆ ಆಪ್ರೇಷನ್ ಬ್ಯಾಡ್ವಾ?" ಎಂದು ಕೇಳಿದರು ಯಜಮಾನರು. ಒಂದು ಕಡೆ ಹೆಂಡತಿಯ ಬೆನ್ನಿಗೆ ಸ್ಕ್ರೂ, ಇನ್ನೊಂದು ಕಡೆ ಬರೀ ಅನ್ನ. ಯಾವುದು ದೊಡ್ಡ ಕಷ್ಟವೆಂದು ಅವರು ನಿಜವಾಗಿಯೂ ತೂಗಿ ನೋಡುತ್ತಿದ್ದರು. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಆ ಮುಖದಲ್ಲಿ ತಕ್ಕಡಿ ಕಾಣದೆ ಇರುತ್ತದೆಯೇ?

ನಾನೇ ಡಾಕ್ಟರಿಗೆ ಫೋನು ಮಾಡಿ, ನೆಲ, ಕವೆಗೋಲು, ಪಾದ ಎಲ್ಲವನ್ನೂ ವಿವರಿಸಿದೆ. "ಇದನ್ನ ಅವತ್ತೇ ಹೇಳಬಾರದಿತ್ತಾ ಮೇಡಂ? ಮೊದಲು ಅದನ್ನ ನಿಲ್ಲಿಸಿ. ಆಪರೇಷನ್ ಆಮೇಲೆ ನೋಡೋಣ" ಎಂದರು. ಫೋನಿಟ್ಟು, ಈ ಮನೆಯಲ್ಲಿ ಇನ್ನು ಮುದ್ದೆ ಇಲ್ಲವೆಂದು ಘೋಷಿಸಿದೆ. ನನ್ನ ದನಿಯಲ್ಲಿ ತ್ಯಾಗದ ನಡುಕ ಸರಿಯಾದ ಪ್ರಮಾಣದಲ್ಲಿತ್ತು. ಪ್ರಜ್ವಲ್ ತಲೆ ತಗ್ಗಿಸಿದ. ಯಜಮಾನರು ಹೊರಗೆ ಹೋಗಿ ಸ್ಕೂಟರು ಒರೆಸಿದರು.

ಅಷ್ಟರಲ್ಲಿ ಪಕ್ಕದ ಮನೆಯ ಗೌರಮ್ಮ ಕರಿಬೇವು ಕಿತ್ತುಕೊಳ್ಳಲು ಬಂದರು. ಹತ್ತಿರದ ಮಿರ್ಲೆ ಹಳ್ಳಿಯ ದೊಡ್ಡ ಗದ್ದೆಯವರು, ಮುದ್ದೆಯಿಲ್ಲದೆ ಹೊತ್ತು ಹೋಗದ ಮನೆತನ. ನನ್ನ ತ್ಯಾಗದ ತೂಕ ಇವರಿಗಾದರೂ ತಿಳಿಯುತ್ತದೆಂದು, ನೆಲದ ಮೇಲೆ ಕೂರುವುದರಿಂದ ಹಿಡಿದು ಕೆಂಪು ಬಣ್ಣದವರೆಗೆ ಇಡೀ ಕಥೆ ಹೇಳಿದೆ. ಅವರು ಕಡ್ಡಿಯಿಂದ ಎಲೆ ಬಿಡಿಸುತ್ತಲೇ ಕೇಳಿಸಿಕೊಂಡರು.

"ಅಯ್ಯೋ, ಯಾರಕ್ಕ ಈಗ ನೆಲದ್ ಮ್ಯಾಲೆ ಕುಂತ್ಕಂಡು ತೊಳಸೋರು? ಪಾತ್ರೆ ಹಿಡ್ಕಳೋ ಸ್ಟ್ಯಾಂಡು ಬಂದು ಯಾವ್ ಕಾಲ ಆಯ್ತು! ನಮ್ ಮಿರ್ಲೇಲೂ ಎಲ್ರೂ ನಿಂತ್ಕಂಡೇ, ಕಟ್ಟೆ ಮ್ಯಾಲೇ ತೊಳಸ್ಬುಡದು" ಎಂದರು ಗೌರಮ್ಮ, ಸೆರಗಿಗೆ ಕರಿಬೇವು ಸುರಿದುಕೊಂಡು ಗೇಟಿನ ಕಡೆ ಹೊರಡುತ್ತಾ. "ನೀವು ಕಾನ್ವೆಂಟ್ ಓದ್ದೋರು, ಯೋಗಾಸನ ಗೀಗಾಸನ ಅಂತ ಬೇಕಂತ್ಲೇ ಕುಂತ್ಕತೀರೇನೋ ಅಂತ ನಾನ್ ಸುಮ್ಕಿದ್ದೆ ಕಣಕ್ಕ."